ಗೇಣು ದೂರದ ನೋಟ

ಹುಳಹುಪ್ಪಟೆಗಳ ಸಮೀಪಚಿತ್ರ ತೆಗೆಯುವ ಹವ್ಯಾಸಿಗಳ ಬಾಯಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: ಇದು ಬರೀ ಫೋಟೋ ತೆಗೆಯುವುದಲ್ಲ, ನಮಗಿದು ಧ್ಯಾನ. ಮಂಡಿಯೂರಿ, ಮೊಣಕೈ ನೆಲಕ್ಕಾನಿಸಿ, ಉಸಿರು ಬಿಗಿಹಿಡಿದು ಒಂದು ಎಲೆಯ ಬೆನ್ನನ್ನೇ ನೋಡುತ್ತ ಕೂತವರಿಗೆ ಹೊತ್ತು ಹೋದದ್ದು ತಿಳಿಯುವುದಿಲ್ಲ, ಮನೆಯ ಚಿಂತೆ ಹತ್ತಿರ ಸುಳಿಯುವುದಿಲ್ಲ. ಹಾಗಾಗಿ ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಅದರ ಬೆನ್ನಿಗೇ ಇನ್ನೊಂದು ನಂಬಿಕೆಯೂ ಬರುತ್ತದೆ. ಸಣ್ಣ ಜೀವವನ್ನು ಹತ್ತಿರದಿಂದ ಒಮ್ಮೆ ಸರಿಯಾಗಿ ನೋಡಿದವರಿಗೆ ಅದನ್ನು ಹೊಸಕಿಹಾಕುವ ಮನಸ್ಸೇ ಬಾರದು, ಲೆನ್ಸ್ ತಾನಾಗಿ ದಯೆ ಕಲಿಸುತ್ತದೆ ಎಂಬುದು ಅದು. ಎರಡೂ ಕೇಳಲು ಹಿತವಾದ ಮಾತುಗಳೇ. ಹಿತವಾದದ್ದನ್ನು ಒರೆಗೆ ಹಚ್ಚದೆ ಒಪ್ಪಿಕೊಳ್ಳುವ ಅಭ್ಯಾಸ ಧರ್ಮದ ವಿಷಯದಲ್ಲಿ ನಮಗೆ ಹೆಚ್ಚೇ ಇದೆ. ಹತ್ತಿರದ ನೋಟದಿಂದ ದೇವರು ಸಿಗುತ್ತಾನೆ ಎನ್ನಲು ಆಧಾರವಿಲ್ಲ, ದಯೆ ತಾನಾಗಿ ಹುಟ್ಟುತ್ತದೆ ಎನ್ನಲೂ ಆಧಾರವಿಲ್ಲ ಎಂಬುದು ಈ ಲೇಖನದ ವಾದ. ಆ ನೋಟದಿಂದ ಖಚಿತವಾಗಿ ಸಿಗುವುದು ವಿವೇಕ, ಎಂದರೆ ಇದು ಯಾವುದು, ಅದು ಯಾವುದು ಎಂದು ಬಿಡಿಸಿ ಗುರುತಿಸುವ ಶಕ್ತಿ. ಅಹಿಂಸೆಯನ್ನು ಬಾಯಿಮಾತಿನಿಂದ ಬದುಕಿಗೆ ಇಳಿಸಲು ಹೊರಟವರಿಗೆ ಈ ಶಕ್ತಿ ಧ್ಯಾನದ ಸುಖಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಈ ವಾದಕ್ಕೆ ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳು ಒಳ್ಳೆಯ ನೆಲ. 1997ರಲ್ಲಿ ಹೊಸ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಹೀಗೆ ಒಂದೇ ಜಿಲ್ಲೆಯೊಳಗೆ ಭದ್ರಾ ನೀರಿನ ಅಡಿಕೆ ತೋಟ, ತುಂಗಭದ್ರೆಯ ದಂಡೆಯ ಗದ್ದೆ, ತೀರ್ಥರಾಮೇಶ್ವರದ ಕಡೆಯ ಅರೆಮಲೆನಾಡಿನ ಗುಡ್ಡ, ಮಳೆಗಾಗಿ ಮುಗಿಲು ನೋಡುವ ಜಗಳೂರಿನ ಕೆಂಪು ಹೊಲ ಎಲ್ಲವೂ ಸೇರಿವೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆಂದೇ 2011ರಲ್ಲಿ ವನ್ಯಧಾಮ ಘೋಷಣೆಯಾಗಿದೆ. ಆ ನಾಲ್ಕು ಕೊಂಬಿನ ನಾಚಿಕೆಯ ಪ್ರಾಣಿಯ ಚಿತ್ರ ಬೇಕೆಂದರೆ ಉದ್ದನೆಯ ಲೆನ್ಸು, ಅನುಮತಿ, ಅದೃಷ್ಟ ಮೂರೂ ಬೇಕು. ಸಮೀಪಚಿತ್ರಕ್ಕೆ ಹೊಲದ ಬದು ಸಾಕು. ಇದ್ದ ಲೆನ್ಸನ್ನೇ ತಿರುವಿ ಹಾಕಿಯೋ, ಮೊಬೈಲಿಗೆ ಒಂದು ಕ್ಲಿಪ್ ಲೆನ್ಸ್ ಸಿಕ್ಕಿಸಿಯೋ ಶುರುಮಾಡಬಹುದಾದ ಹವ್ಯಾಸವಿದು. ವಸ್ತುವಿನ ನಿಜಗಾತ್ರವೇ ಸೆನ್ಸರಿನ ಮೇಲೆ ಮೂಡಿದರೆ ಅದಕ್ಕೆ ಮ್ಯಾಕ್ರೊ ಎನ್ನುತ್ತಾರೆ. ಆ ಗಾತ್ರದಲ್ಲಿ ಒಂದು ತೊಡಕು ಬರುತ್ತದೆ. ಪೂರ್ಣ ಚೌಕಟ್ಟಿನ ಕ್ಯಾಮೆರಾದಲ್ಲಿ ದ್ವಾರವನ್ನು ಎಫ್ 11ಕ್ಕೆ ಕಿರಿದು ಮಾಡಿದರೂ ಸ್ಪಷ್ಟವಾಗಿ ಕಾಣುವ ಪಟ್ಟಿಯ ದಪ್ಪ ಹೆಚ್ಚುಕಡಿಮೆ ಒಂದೂಕಾಲು ಮಿಲಿಮೀಟರ್ ಮಾತ್ರ. ಕಣಜದ ಕಣ್ಣು ತಿಳಿಯಾದರೆ ಹೊಟ್ಟೆ ಮಂಜು, ಹೊಟ್ಟೆ ತಿಳಿಯಾದರೆ ಮುಖ ಮಂಜು. ಎಷ್ಟು ಹತ್ತಿರ ಹೋಗುತ್ತೀರೋ ಅಷ್ಟು ಕಡಿಮೆ ಕಾಣುತ್ತದೆ. ಕಂಡಷ್ಟು ಮಾತ್ರ ಬಹಳ ಚೆನ್ನಾಗಿ ಕಾಣುತ್ತದೆ.

ಧ್ಯಾನದ ಮಾತಿಗೆ ಬರೋಣ. ಹತ್ತಿರದಿಂದ ದಿಟ್ಟಿಸುವ ಸಾಧನೆ ಈ ಸೀಮೆಗೆ ಹೊಸದಲ್ಲ. ಹೊನ್ನಾಳಿಯ ಹಿರೇಕಲ್ಮಠದಂಥ ಮಠಗಳು ಬೇರೂರಿರುವ ನೆಲವಿದು. ಇಲ್ಲಿನ ಸಾವಿರಾರು ಮನೆಗಳಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಕಣ್ಣಿನ ಮಟ್ಟಕ್ಕೆ ತಂದು, ಎವೆಯಿಕ್ಕದೆ ನೋಡುವ ಪೂಜೆ ನಡೆಯುತ್ತದೆ. ದೂರವೂ ಹೆಚ್ಚುಕಡಿಮೆ ಅದೇ ಗೇಣು, ಉಸಿರಿನ ಹದವೂ ಅದೇ. ಹಾಗಾದರೆ ಎರಡೂ ಒಂದೇ ಅಲ್ಲವೇ ಎಂದು ಕೇಳಬಹುದು. ಅಲ್ಲ. ಇಷ್ಟಲಿಂಗದ ಹೊರಮೈಗೆ ಇರುವುದು ನಯವಾದ ಕಪ್ಪು ಲೇಪ. ಅದರಲ್ಲಿ ಎಣಿಸಲು ಕೂದಲಿಲ್ಲ, ಹುಡುಕಲು ಕೀಲಿಲ್ಲ, ಬಣ್ಣದ ಬೆಡಗಿಲ್ಲ. ಹೆಚ್ಚೆಂದರೆ ದೀಪದ ಒಂದು ಬಿಂದು ಹೊಳೆಯುತ್ತದೆ. ಕಣ್ಣಿಗೆ ಹಿಡಿಯಲು ಏನೂ ಸಿಗದಂತೆ ಮಾಡಿ ನೋಡುವವನನ್ನೇ ಒಳಕ್ಕೆ ತಿರುಗಿಸುವುದು ಆ ವಿನ್ಯಾಸದ ಉದ್ದೇಶ. ಸಮೀಪಚಿತ್ರದ ಕಣ್ಣು ಇದಕ್ಕೆ ತೀರ ಎದುರು ದಿಕ್ಕಿನದು. ಅದಕ್ಕೆ ವಿವರದ ಹಸಿವು: ರೆಕ್ಕೆಯ ನರ, ಕಾಲಿನ ಮುಳ್ಳು, ಮೀಸೆಗೆ ಅಂಟಿದ ಪರಾಗದ ಕಾಳು. ಒಂದು ನೋಟ ಹೊರಗಿನದನ್ನು ಅಳಿಸುತ್ತ ಹೋಗುತ್ತದೆ, ಇನ್ನೊಂದು ಹೊರಗಿನದನ್ನು ಕೂಡಿಸುತ್ತ ಹೋಗುತ್ತದೆ. ಇನ್ನೂ ಮುಖ್ಯವಾದ ಭೇದವೊಂದಿದೆ. ಲಿಂಗ ನೋಡಿಸಿಕೊಳ್ಳುವುದಕ್ಕೆಂದೇ ಅಂಗೈಗೆ ಬಂದದ್ದು, ಗುರು ಕೊಟ್ಟದ್ದು. ನೋಟದಿಂದ ಅದಕ್ಕೆ ನೋವಿಲ್ಲ. ಹುಳು ನಮಗಾಗಿ ಎಲೆಯ ಮೇಲೆ ಕೂತಿಲ್ಲ. ಅದಕ್ಕೆ ಉಣ್ಣಬೇಕು, ಕೂಡಬೇಕು, ಹಕ್ಕಿಯಿಂದ ತಪ್ಪಿಸಿಕೊಳ್ಳಬೇಕು. ಅದರ ಮಟ್ಟಿಗೆ ಗೇಣು ದೂರದಲ್ಲಿ ಮಿಂಚುವ ಫ್ಲಾಷು ಒಂದು ಆಪತ್ತು. ನೋಡುವವನ ಮನಸ್ಸು ತಣ್ಣಗಾಯಿತು ಎಂಬ ಒಂದೇ ಕಾರಣಕ್ಕೆ ನೋಟ ಧ್ಯಾನವಾಗುವುದಾದರೆ ಗಾಳ ಹಾಕಿ ಕೂತ ಬೆಸ್ತರನ್ನೂ ಧ್ಯಾನಿಗಳೆನ್ನಬೇಕಾದೀತು. ಹಾಗೆನ್ನುವವರೂ ಇದ್ದಾರು, ಮೀನಿನ ಅಭಿಪ್ರಾಯ ಬೇರೆ.

ಧ್ಯಾನವಲ್ಲದಿದ್ದರೆ ಬೇಡ, ಬೆರಗಾದರೂ ದೇವರ ಕಡೆಗೆ ಒಯ್ಯುವುದಿಲ್ಲವೇ ಎಂಬುದು ಮುಂದಿನ ಆಕ್ಷೇಪ. ಇದಕ್ಕೆ ಇತಿಹಾಸದಲ್ಲಿ ಒಳ್ಳೆಯ ಸಾಕ್ಷಿಗಳಿವೆ, ಆದರೆ ಅವು ಒಂದೇ ಮಾತು ಹೇಳುವುದಿಲ್ಲ. 17ನೇ ಶತಮಾನದ ಡಚ್ ವಿಜ್ಞಾನಿ ಯಾನ್ ಸ್ವಾಮರ್‌ಡಾಮ್ ಸೂಕ್ಷ್ಮದರ್ಶಕದ ಕೆಳಗೆ ಹೇನಿನ ಒಡಲನ್ನು ಬಿಡಿಸಿ ನೋಡಿ, ಅದರ ರಚನೆಯಲ್ಲೇ ದೇವರ ಕೈವಾಡ ಕಂಡಿತೆಂದು ನಂಬಿದ. ಅವನ ಕೀಟಾಧ್ಯಯನದ ದೊಡ್ಡ ಗ್ರಂಥ ಅವನು ಸತ್ತು ಎಷ್ಟೋ ವರ್ಷಗಳ ನಂತರ, 1737-38ರಲ್ಲಿ, ಪ್ರಕೃತಿಯನ್ನೇ ಬೈಬಲ್ ಎಂದು ಕರೆಯುವ ಹೆಸರಿನಲ್ಲಿ ಅಚ್ಚಾಯಿತು. ಇತ್ತ 1860ರಲ್ಲಿ ಚಾರ್ಲ್ಸ್ ಡಾರ್ವಿನ್ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ ಪತ್ರದಲ್ಲಿ ಇಕ್‌ನ್ಯೂಮನ್ ಕಣಜಗಳ ಮಾತೆತ್ತಿದ. ಬದುಕಿರುವ ಕಂಬಳಿಹುಳದ ಮೈಯನ್ನು ಒಳಗಿನಿಂದಲೇ ತಿಂದು ಬೆಳೆಯುವ ಇಂಥ ಜೀವಿಗಳನ್ನು ಕರುಣಾಳು ದೇವರೊಬ್ಬ ಬೇಕೆಂದೇ ಸೃಷ್ಟಿಸಿದ ಎಂದು ತನಗೆ ನಂಬಲಾಗದು ಎಂಬುದು ಅವನ ಸಂಕಟ. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ಸಣ್ಣ ಲೋಕವನ್ನು ಹತ್ತಿರದಿಂದ ಕಂಡವರು. ಒಬ್ಬನಿಗೆ ಭಕ್ತಿ ಗಟ್ಟಿಯಾಯಿತು, ಇನ್ನೊಬ್ಬನಿಗೆ ಸಡಿಲವಾಯಿತು. ನಮ್ಮಲ್ಲೂ ಇದರ ಛಾಯೆಯಿದೆ. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ಮಗ ಶ್ವೇತಕೇತುವಿನಿಂದ ಆಲದ ಹಣ್ಣನ್ನು ಒಡೆಸುತ್ತಾನೆ, ಒಳಗಿನ ಬೀಜವನ್ನೂ ಒಡೆಸುತ್ತಾನೆ. ಏನೂ ಕಾಣಿಸುತ್ತಿಲ್ಲ ಎಂದು ಮಗ ಹೇಳಿದ ಮೇಲಷ್ಟೇ ಆ ಕಾಣದ ಅಣುವೇ ಮಹಾವೃಕ್ಷದ ಮೂಲವೆಂಬ ಉಪದೇಶ ಶುರುವಾಗುತ್ತದೆ. ಅಲ್ಲಿ ತತ್ತ್ವ ಶುರುವಾಗುವುದು ಕಣ್ಣು ಸೋತ ಜಾಗದಲ್ಲಿ. ಸಮೀಪಚಿತ್ರಕಾರ ಹೇಳಿಕೇಳಿ ಕಣ್ಣಿನ ಪಕ್ಷದವನು. ಆಲದ ಹಣ್ಣಿನೊಳಗೆ ಹುಟ್ಟಿ ಬೆಳೆಯುವ ಪುಟ್ಟ ಕಣಜಗಳ ಸುದ್ದಿಯೇ ಆ ಸಂವಾದದಲ್ಲಿ ಬರುವುದಿಲ್ಲ. ಉದ್ದಾಲಕನಿಗೆ ಅವು ಬೇಕಿರಲಿಲ್ಲ, ಇವನಿಗೆ ಬೇಕು.

ದಯೆಯ ಮಾತು ಇನ್ನೂ ಜಾರುವ ನೆಲ. ಹಿಗ್ಗಿಸಿದ ಚಿತ್ರ ಕಂಡಾಗ ನಮಗೆ ಪ್ರೀತಿ ಉಕ್ಕುವುದು ಯಾವುದರ ಮೇಲೆ? ಜಿಗಿಯುವ ಜೇಡದ ಮೇಲೆ, ಏಕೆಂದರೆ ಅದರ ಎಂಟು ಕಣ್ಣುಗಳಲ್ಲಿ ಮುಂದಿನ ಎರಡು ಮಗುವಿನ ಕಣ್ಣಿನಂತೆ ದುಂಡಗೆ, ದೊಡ್ಡದಾಗಿವೆ. ಸೂರ್ಯನ ಕುದುರೆ ಎಂದು ಮಕ್ಕಳು ಕರೆಯುವ ಮ್ಯಾಂಟಿಸ್ ಮೇಲೆ, ಏಕೆಂದರೆ ಅದರ ಕಣ್ಣೊಳಗೊಂದು ಕಪ್ಪು ಚುಕ್ಕೆ ಕ್ಯಾಮೆರಾ ಸರಿದಲ್ಲೆಲ್ಲ ಸರಿಯುತ್ತ ನಮ್ಮನ್ನೇ ನೋಡುವಂತಿರುತ್ತದೆ. ನಿಜಕ್ಕೂ ಅದು ಪಾಪೆಯಲ್ಲ. ಸಾವಿರಾರು ಕಿರುಗಣ್ಣುಗಳ ಆ ಜೋಡಣೆಯಲ್ಲಿ ನಮ್ಮ ದಿಕ್ಕಿಗೆ ನೇರವಾಗಿರುವ ಕೆಲವು ಬೆಳಕನ್ನು ಹೀರಿಕೊಳ್ಳುವುದರಿಂದ ಕಪ್ಪಾಗಿ ತೋರುತ್ತವೆ, ಅಷ್ಟೆ. ಎಲ್ಲಿ ನಿಂತು ನೋಡಿದರೂ ಆ ಚುಕ್ಕೆ ನಮ್ಮ ಕಡೆಗೇ ಇರುತ್ತದೆ. ಅದು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿತು ಎಂದು ಬರೆದುಕೊಳ್ಳುವ ಛಾಯಾಗ್ರಾಹಕ ದೃಗ್ವಿಜ್ಞಾನದ ಒಂದು ಆಟವನ್ನು ಸ್ನೇಹವೆಂದು ತಿಳಿದಿದ್ದಾನೆ. ಅಡಿಕೆ ಬೇರನ್ನು ತಿನ್ನುವ ಬಿಳಿ ಗೊಣ್ಣೆಹುಳಕ್ಕೂ ಎಲೆಯಡಿಯ ಕೆಂಪು ನುಸಿಗೂ ಇಂಥ ಭಾಗ್ಯವಿಲ್ಲ. ಅವುಗಳನ್ನು ಎಷ್ಟು ಹಿಗ್ಗಿಸಿದರೂ ಮನುಷ್ಯನ ಮುಖ ಮೂಡುವುದಿಲ್ಲ. ಹಾಗಾಗಿ ಚಿತ್ರಗಳೂ ಕಡಿಮೆ, ಮರುಕವೂ ಕಡಿಮೆ. ಸಣ್ಣ ಜೀವವನ್ನು ನಮ್ಮ ಗಾತ್ರಕ್ಕೆ ತಂದು, ಅದರಲ್ಲಿ ನಮ್ಮ ಹೋಲಿಕೆ ಕಂಡ ಮೇಲಷ್ಟೇ ಗೌರವ ಕೊಡುವುದಾದರೆ ಆ ಗೌರವ ಹೋಗುತ್ತಿರುವುದು ನಮಗೇ. ಇದನ್ನು ಧರ್ಮವೆನ್ನಲು ಸಂಕೋಚವಾಗಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗಳಲ್ಲಿ ಕೀಟಗಳ ಪೈಕಿ ಎದ್ದು ಕಾಣುವಷ್ಟು ಜಾಗ ಸಿಕ್ಕಿರುವುದೂ ಚಿಟ್ಟೆಗಳಿಗೇ ಎಂಬುದು ಕಾಕತಾಳೀಯವಿರಲಾರದು.

ಹತ್ತಿರದ ನೋಟ ತನ್ನ ನಿಜವಾದ ಕೆಲಸ ಮಾಡಿದ್ದನ್ನು ಕಾಣಬೇಕಾದರೆ ಸ್ಪರ್ಧೆಗಳ ಗೋಡೆ ಬಿಟ್ಟು ಮೆಕ್ಕೆಜೋಳದ ಹೊಲಕ್ಕೆ ಹೋಗಬೇಕು. ಅಮೆರಿಕ ಖಂಡದ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ದಾವಣಗೆರೆಗೆ ಅಂಟಿಕೊಂಡಿರುವ ಶಿವಮೊಗ್ಗದಲ್ಲಿ. ಸೈನಿಕ ಹುಳು ಎಂಬ ಹೆಸರು ರೈತರಿಗೆ ಹೊಸದಾಗಿರಲಿಲ್ಲ. ಹಳೆಯದೊಂದು ಮೊದಲಿನಿಂದಲೂ ಇತ್ತು. ಹೊಸದನ್ನು ಬೇರೆಯೆಂದು ತೋರಿಸಿಕೊಟ್ಟದ್ದು ಎರಡು ಗುರುತು: ಹಣೆಯ ಮೇಲೆ ಇಂಗ್ಲಿಷಿನ ವೈ ಅಕ್ಷರವನ್ನು ತಲೆಕೆಳಗು ಮಾಡಿದಂಥ ಬಿಳಿ ಗೆರೆ, ಹಿಂಬದಿಯಲ್ಲಿ ಚೌಕದ ನಾಲ್ಕು ಮೂಲೆಗಿಟ್ಟಂಥ ನಾಲ್ಕು ಕಪ್ಪು ಚುಕ್ಕೆ. ಇವೆರಡೂ ಹೆಗಲೆತ್ತರದಿಂದ ಕಾಣುವಂಥವಲ್ಲ. ಸುಳಿ ಬಿಡಿಸಿ, ಬಾಗಿ, ಕಣ್ಣೂ ಫೋನೂ ಹತ್ತಿರ ತಂದರೆ ಮಾತ್ರ ಕಾಣುತ್ತವೆ. ಇಲ್ಲಿ ಸಮೀಪಚಿತ್ರ ದಯೆ ಹುಟ್ಟಿಸಲಿಲ್ಲ, ಶತ್ರುವನ್ನು ಗುರುತಿಸಿಕೊಟ್ಟಿತು. ನೋಡಿದವನಿಗೆ ಕೊಲ್ಲುವ ಮನಸ್ಸಾಗದು ಎಂಬ ನಂಬಿಕೆಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಆದರೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಅದೇ ವರ್ಷ ಕರ್ನಾಟಕದ ಹೊಲಗಳಲ್ಲೇ ಈ ಹುಳುವಿನ ಸಹಜ ವೈರಿಗಳನ್ನೂ ವಿಜ್ಞಾನಿಗಳು ದಾಖಲಿಸಿದರು: ಮೊಟ್ಟೆಯೊಳಗೆ ಮೊಟ್ಟೆಯಿಡುವ, ಒಂದು ಮಿಲಿಮೀಟರಿಗಿಂತ ಚಿಕ್ಕದಾದ ಟ್ರೈಕೊಗ್ರಾಮ ಮತ್ತು ಟೆಲಿನೋಮಸ್ ಕಣಜಗಳು, ಮರಿಹುಳುವಿನ ಮೈಯೊಳಗೆ ಬೆಳೆಯುವ ಕ್ಯಾಂಪೊಲೆಟಿಸ್ ಕಣಜ, ಸುಳಿಯೊಳಗೇ ಬೇಟೆಯಾಡುವ ಇಕ್ಕುಳ ಬಾಲದ ಕೀಟ, ಹುಳುವನ್ನು ಬೂಷ್ಟು ಹಿಡಿಸಿ ಕೊಲ್ಲುವ ಶಿಲೀಂಧ್ರ. ಕ್ಯಾಂಪೊಲೆಟಿಸ್ ಡಾರ್ವಿನ್ನನನ್ನು ಕಂಗೆಡಿಸಿದ ಇಕ್‌ನ್ಯೂಮನ್ ಕುಟುಂಬದ್ದೇ! ದೇವರ ವಿಚಾರದಲ್ಲಿ ಅವನಿಗೆ ತಲೆನೋವಾದದ್ದು ಜಗಳೂರಿನ ಒಣಭೂಮಿಯ ರೈತನಿಗೆ ಕೂಲಿಯಿಲ್ಲದ ಆಳು. ಹುಳು ಕಂಡಿತೆಂದು ಇಡೀ ಹೊಲಕ್ಕೆ ಬಲವಾದ ಕೀಟನಾಶಕ ಹೊಡೆದರೆ ಇವರೆಲ್ಲರೂ ಒಟ್ಟಿಗೆ ಸಾಯುತ್ತಾರೆ. ಯಾವುದು ಯಾವುದೆಂದು ಗೊತ್ತಿಲ್ಲದವನ ಕೈಯಲ್ಲಿ ಕೊಲೆ ವಿಪರೀತವಾಗುತ್ತದೆ. ಗೊತ್ತಿದ್ದವನು ಕೊಂದರೂ ಎಣಿಸಿ ಕೊಲ್ಲುತ್ತಾನೆ, ಕೆಲವೊಮ್ಮೆ ಕೊಲ್ಲದೆಯೂ ಬಿಡುತ್ತಾನೆ. ವಿವೇಕ ಎಂದದ್ದು ಇದಕ್ಕೆ. ಅತ್ತಿಹಣ್ಣನ್ನು ಬಿಚ್ಚಿದರೆ ಹುಳು ಎಂಬ ಗಾದೆಯನ್ನು ನಮ್ಮ ಜನ ಡಾಂಭಿಕರ ಗುಣ ಹೇಳಲು ಬಳಸುತ್ತ ಬಂದಿದ್ದಾರೆ. ಲೆನ್ಸ್ ಹಿಡಿದು ನೋಡಿದರೆ ಆ ಹುಳುಗಳಲ್ಲಿ ಅತ್ತಿಯ ಪರಾಗ ಹೊತ್ತು ತರುವ ಕಣಜವೂ ಇದೆ. ಅದು ಇಲ್ಲದೆ ಅತ್ತಿಯಲ್ಲಿ ಬೀಜ ಕಟ್ಟುವುದಿಲ್ಲ. ಗಾದೆಯ ಹುಳುವೇ ಮರದ ವಂಶ ಉಳಿಸುತ್ತಿದೆ.

ನೋಟವನ್ನು ಅಹಿಂಸೆಯ ಅಂಗವಾಗಿ ಎಲ್ಲರಿಗಿಂತ ಗಟ್ಟಿಯಾಗಿ ಕಟ್ಟಿದವರು ಜೈನರು. ಈರ್ಯಾಸಮಿತಿ ಎಂಬ ನಿಯಮದಂತೆ ಮುನಿ ನಡೆಯುವಾಗ ಮುಂದಿನ ಕೆಲವು ಮೊಳ ನೆಲವನ್ನು ನೋಡುತ್ತಲೇ ಹೆಜ್ಜೆಯಿಡಬೇಕು. ದಿಗಂಬರ ಮುನಿ ಕೂರುವ ಜಾಗವನ್ನು ನವಿಲುಗರಿಯ ಪಿಂಛಿಯಿಂದ ಮೆಲ್ಲಗೆ ಸರಿಸಿ ಕೂರುತ್ತಾನೆ. ಅಲ್ಲಿ ನೆಲ ನೋಡುವುದು ಸೌಂದರ್ಯಕ್ಕಲ್ಲ, ತಾನು ಯಾರನ್ನು ತುಳಿಯಲಿದ್ದೇನೆ ಎಂದು ತಿಳಿಯುವುದಕ್ಕೆ. ಜೀವಿಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ಬಿಡಿಸಿದವರೂ ಅವರೇ. ತತ್ತ್ವಾರ್ಥಸೂತ್ರದ ಕ್ರಮದಲ್ಲಿ ಹುಳುವಿಗೆ ಸ್ಪರ್ಶ, ರುಚಿ ಎರಡು. ಇರುವೆಗೆ ಅದರ ಜೊತೆ ವಾಸನೆ. ದುಂಬಿಗೆ ಕಣ್ಣೂ ಸೇರಿ ನಾಲ್ಕು. ಇಲ್ಲಿ ಲೆನ್ಸ್ ಒಂದು ಮುಜುಗರದ ಸಂಗತಿ ತೋರಿಸುತ್ತದೆ. ಬಹುಪಾಲು ಇರುವೆಗಳಿಗೆ ಕಣ್ಣಿವೆ. ಚಿಟ್ಟೆ, ಪತಂಗಗಳ ಮರಿಹುಳುಗಳಲ್ಲೂ ಬಹುತೇಕ ತಲೆಯ ಎರಡು ಪಕ್ಕದಲ್ಲಿ ಆರಾರು ಸರಳ ಕಣ್ಣಿವೆ. ಹಾಗಾದರೆ ಶಾಸ್ತ್ರ ಸುಳ್ಳೇ ಎಂದು ಒಬ್ಬರು ಕುಣಿಯಬಹುದು, ಶಾಸ್ತ್ರದ ಕಣ್ಣು ಬೇರೆಯೆಂದು ಇನ್ನೊಬ್ಬರು ಸಮಜಾಯಿಷಿ ಕೊಡಬಹುದು. ಎರಡೂ ಬೇಕಿಲ್ಲ. ಬರಿಗಣ್ಣಿನಿಂದ ಸಾಧ್ಯವಾದಷ್ಟು ಎಚ್ಚರದಿಂದ ನೋಡಿ, ಹಿಂಸೆಯ ತೂಕ ಅಳೆಯಲು ಒಂದು ಏಣಿ ಕಟ್ಟಿದವರು ಅವರು. ಇನ್ನಷ್ಟು ಹತ್ತಿರದಿಂದ ನೋಡುವ ಸಾಧನ ಬಂದ ಮೇಲೆ ಏಣಿಯ ಮೆಟ್ಟಿಲು ತಿದ್ದಿಕೊಳ್ಳುವುದು ಆ ಎಚ್ಚರಕ್ಕೆ ನಿಷ್ಠೆಯಾಗಿರುವುದೇ ಹೊರತು ದ್ರೋಹವಲ್ಲ. ಅವರದೇ ಅನೇಕಾಂತದ ಮಾತು ಕೂಡ ಇದಕ್ಕೆ ಒದಗುತ್ತದೆ: ಯಾವ ನೋಟವೂ ವಸ್ತುವಿನ ಒಂದು ಮಗ್ಗುಲನ್ನಷ್ಟೇ ಹಿಡಿಯುತ್ತದೆ. ಒಂದೂಕಾಲು ಮಿಲಿಮೀಟರಿನ ಸ್ಪಷ್ಟತೆ, ಉಳಿದದ್ದೆಲ್ಲ ಮಂಜು ಎಂಬ ಸಮೀಪಚಿತ್ರದ ಮಿತಿಯನ್ನು ತಾಂತ್ರಿಕ ದೋಷವೆಂದು ಹವ್ಯಾಸಿಗಳು ಗೊಣಗುತ್ತಾರೆ. ನನಗೆ ಅದು ಆ ಚಿತ್ರದ ಅತ್ಯಂತ ಪ್ರಾಮಾಣಿಕ ಭಾಗವೆನಿಸುತ್ತದೆ.

ಇಲ್ಲಿಂದಲೇ ಹವ್ಯಾಸಿಗಳ ಜೊತೆ ಒಂದು ಜಗಳ ತೆಗೆಯಬೇಕಿದೆ. ಮಂಜನ್ನು ಒರೆಸಲು ಹತ್ತಾರು, ನೂರಾರು ಚಿತ್ರಗಳನ್ನು ಫೋಕಸ್ ಬದಲಿಸುತ್ತ ತೆಗೆದು ಒಂದಾಗಿ ಹೊಲಿಯುವ ಸ್ಟ್ಯಾಕಿಂಗ್ ವಿಧಾನವಿದೆ. ಲಂಡನ್ನಿನ ಲೆವೊನ್ ಬಿಸ್ 2016ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ ಪ್ರದರ್ಶಿಸಿದ ಕೀಟಚಿತ್ರಗಳಲ್ಲಿ ಒಂದೊಂದಕ್ಕೂ ಎಂಟು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಕೂಡಿಸಿದ್ದರು. ಮ್ಯೂಸಿಯಂನ ಸತ್ತ ಮಾದರಿಗಳನ್ನು ಬಳಸಿದ್ದೆಂದು ಅವರು ಮುಚ್ಚಿಡಲಿಲ್ಲ, ಹಾಗಾಗಿ ತಕರಾರಿಲ್ಲ. ತಕರಾರಿರುವುದು ಬದುಕಿರುವ ಹುಳುವನ್ನು ಫ್ರಿಜ್ಜಿನಲ್ಲಿಟ್ಟು ಜಡ ಮಾಡಿ, ಹೂವಿನ ಮೇಲೆ ಕೂರಿಸಿ, ಮಂಜುಹನಿಗೆಂದು ನೀರು ಸಿಂಪಡಿಸಿ, ಮುಂಜಾವಿನ ಸಹಜ ಚಿತ್ರವೆಂದು ತೋರಿಸುವ ಚಾಳಿಯ ಬಗ್ಗೆ. ಹುಳುವೇ ತಾನೆ, ರೈತ ಸಾವಿರಗಟ್ಟಲೆ ಕೊಲ್ಲುವುದಿಲ್ಲವೇ ಎಂದು ಇದಕ್ಕೆ ಸಮರ್ಥನೆ ಬರುತ್ತದೆ. ರೈತನಿಗೆ ಹೊಟ್ಟೆಯ ಪ್ರಶ್ನೆಯಿದೆ, ಸಾಲದ ಪ್ರಶ್ನೆಯಿದೆ. ಸ್ಪರ್ಧೆಯ ಪದಕಕ್ಕೆ ಅಂಥ ಯಾವ ತುರ್ತೂ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಹಾಗೆ ತೆಗೆದ ಚಿತ್ರ ವಿವೇಕದ ಬೇರನ್ನೇ ಕಡಿಯುತ್ತದೆ. ಯಾವ ಗಿಡ, ಯಾವ ಹೊತ್ತು, ಯಾವ ಭಂಗಿ ಎಂಬುದೇ ಸುಳ್ಳಾದ ಮೇಲೆ ಅದರಿಂದ ಕಲಿತದ್ದೂ ಸುಳ್ಳೇ. ಕಲಿಯಲು ಜೀವವನ್ನು ಹಿಡಿಯಲೇಬೇಕೆಂದೂ ಇಲ್ಲ. ಪೂರ್ಣಚಂದ್ರ ತೇಜಸ್ವಿ ಸ್ವತಃ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಅಲೆದವರು. 1980ರ ಅವರ 'ಕರ್ವಾಲೊ' ಕಾದಂಬರಿಯಲ್ಲಿ ಅಷ್ಟೆಲ್ಲ ಪರದಾಡಿ ಹುಡುಕಿದ ಹಾರುವ ಓತಿ ಕಡೆಗೆ ಕೈಗೆ ಸಿಗದೆ ಕಣಿವೆಗೆ ತೇಲಿ ಹೋಗುತ್ತದೆ. ಹುಡುಕಿದವರ ತಿಳಿವಳಿಕೆ ಅದರಿಂದ ಕಡಿಮೆಯಾಗುವುದಿಲ್ಲ.

ಇಷ್ಟೆಲ್ಲ ಭಾರ ಹೇರಿದರೆ ಹವ್ಯಾಸದ ಖುಷಿಯೇ ಹೋಗುವುದಿಲ್ಲವೇ, ಭಾನುವಾರದ ಬಿಡುವಿನಲ್ಲಿ ನಾಲ್ಕು ಚಿತ್ರ ತೆಗೆಯುವವರಿಗೆ ಈರ್ಯಾಸಮಿತಿ ಏಕೆ ಎಂಬ ಆಕ್ಷೇಪ ಉಳಿದಿದೆ. ಅದರಲ್ಲಿ ನ್ಯಾಯವಿದೆ. ಖುಷಿಗೆಂದು ಮಾಡುವುದನ್ನು ಖುಷಿಗೆಂದೇ ಮಾಡಲಿ. ಧ್ಯಾನ, ದಯೆ, ದೇವರ ದರ್ಶನ ಎಂಬ ದೊಡ್ಡ ಹೆಸರುಗಳನ್ನು ತಂದದ್ದು ಹವ್ಯಾಸಿಗಳೇ. ಆ ಹೆಸರು ಬೇಕೆಂದರೆ ಅದರ ಕಟ್ಟುಪಾಡೂ ಬೇಕಾಗುತ್ತದೆ. ಬೇಡವೆಂದರೂ ಒಂದು ಕೆಲಸಕ್ಕೆ ಅವರಷ್ಟು ಯೋಗ್ಯರು ಬೇರೆ ಯಾರೂ ಇಲ್ಲ. ಚನ್ನಗಿರಿಯ ಅಡಿಕೆ ತೋಟದಲ್ಲಿ, ಹೊನ್ನಾಳಿಯ ಗದ್ದೆಯಲ್ಲಿ, ನ್ಯಾಮತಿ, ಜಗಳೂರಿನ ಮೆಕ್ಕೆಜೋಳದಲ್ಲಿ ಯಾವ ಹುಳು ಯಾವ ಮಳೆಗೆ ಬರುತ್ತದೆ, ಅದರ ಬೆನ್ನುಹತ್ತಿ ಯಾವ ಕಣಜ ಬರುತ್ತದೆ ಎಂಬುದನ್ನು ಹತ್ತಿರದಿಂದ ನೋಡುವ ತಾಳ್ಮೆ ಇರುವವರು ಅವರು. ಆದ್ದರಿಂದ ಈ ನಾಲ್ಕು ತಾಲ್ಲೂಕುಗಳಲ್ಲಿ ಮ್ಯಾಕ್ರೊ ಲೆನ್ಸೋ ಕ್ಲಿಪ್ ಲೆನ್ಸೋ ಇಟ್ಟುಕೊಂಡಿರುವವರಲ್ಲಿ ಒಂದು ಕೋರಿಕೆ. ಮುಂದಿನ ಮುಂಗಾರಿಗೆ ಚಿಟ್ಟೆ, ಜೇಡಗಳ ಜೊತೆ ಮುಖವಿಲ್ಲದ ಹುಳುಗಳನ್ನೂ ತೆಗೆಯಿರಿ. ಹಿಡಿಯಬೇಡಿ, ತಣ್ಣಗೆ ಮಾಡಬೇಡಿ, ಮೊಟ್ಟೆಯಿಟ್ಟ ಎಲೆಯನ್ನು ಕೀಳಬೇಡಿ. ಊರು, ದಿನಾಂಕ, ಬೆಳೆಯ ಹೆಸರನ್ನು ಚಿತ್ರದ ಜೊತೆಗೇ ಬರೆದಿಡಿ. ಪಕ್ಕದ ಹೊಲದವರು ಔಷಧಿ ಹೊಡೆಯುವ ಮೊದಲೇ ಅವರಿಗೆ ತೋರಿಸಿ. ಗುರುತು ಹತ್ತದಿದ್ದರೆ ಕತ್ತಲಗೆರೆಯ ಕೃಷಿ ಸಂಶೋಧನಾ ಕೇಂದ್ರಕ್ಕೋ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಂಡೊಯ್ದು ಕೇಳಿ.